‘ರಾ’ ಎಂದಾಗ ಓಡಬೇಡಿ

ಮೈದಾನದ ನಡುವೆ ಒಂದು ಸುಣ್ಣದ ಗೆರೆ. ಗೆರೆಯ ಆಚೆ ಒಂದು ಸಾಲು ಮಕ್ಕಳು, ಈಚೆ ಒಂದು ಸಾಲು, ನಡುವೆ ಒಂದು ಮಾರು ಅಂತರ. ಆಚೆಯವರು ರಾಮನ ಕಡೆ, ಈಚೆಯವರು ರಾವಣನ ಕಡೆ. ಪಿ.ಟಿ. ಮೇಷ್ಟ್ರು ಬದಿಗೆ ನಿಂತು ‘ರಾ...’ ಎಂದು ಶುರು ಮಾಡುತ್ತಾರೆ. ಉಸಿರು ಇರುವಷ್ಟು ಹೊತ್ತು ಆ ದೀರ್ಘವನ್ನು ಎಳೆಯುತ್ತಾರೆ. ಕೊನೆಗೆ ‘ಮ’ ಬಂದರೆ ರಾಮನ ಕಡೆಯವರು ಅಟ್ಟಿಸಿಕೊಂಡು ಹೋಗಬೇಕು. ರಾವಣನ ಕಡೆಯವರು ಗಕ್ಕನೆ ತಿರುಗಿ ತಮ್ಮ ಬೆನ್ನ ಹಿಂದಿನ ಗೆರೆ ದಾಟಿಕೊಳ್ಳಬೇಕು. ‘ವಣ’ ಬಂದರೆ ಅಟ್ಟುವವರು ಇವರು, ಓಡುವವರು ಅವರು. ನಡುನಡುವೆ ಮೇಷ್ಟ್ರು ‘ರಾ...ಗಿ’ ಅನ್ನುವುದೂ ಉಂಟು. ಆಗ ಯಾರೂ ಅಲುಗಬಾರದು.

ನಮ್ಮ ಶಾಲಾ ಮೈದಾನಗಳಲ್ಲಿ ಆಡಿ ಬೆಳೆದವರಿಗೆ ಈ ಆಟ ಹೊಸದಲ್ಲ. ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಉಳಿದಾಗ ಆಡಿಸುವ ಆಟ ಅಂತಲೇ ಬಹಳ ಜನ ಇದನ್ನು ನೆನಪಿಟ್ಟುಕೊಂಡಿದ್ದಾರೆ. ಆದರೆ ಎರಡೂ ಹೆಸರುಗಳು ‘ರಾ’ ಎಂದೇ ಆರಂಭವಾಗುತ್ತವೆ ಎಂಬುದನ್ನು ಗಮನಿಸಿ. ಮೊದಲ ಅಕ್ಷರ ಕಿವಿಗೆ ಬಿದ್ದಾಗ ಮೈಯೆಲ್ಲ ನೆಟ್ಟಗಾಗುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಆದರೆ ಯಾವ ಕಡೆಗೆ ಓಡಬೇಕೆಂಬ ಸುದ್ದಿ ಇನ್ನೂ ಬಂದಿಲ್ಲ. ಸುದ್ದಿ ಇರುವುದು ಎರಡನೇ ಅಕ್ಷರದಲ್ಲಿ. ಅಲ್ಲಿಯವರೆಗೆ ಮೈಯನ್ನು ಬಿಗಿಹಿಡಿದು ಕಾಯಬೇಕು. ಸುದ್ದಿ ಬಂದ ಮರುಗಳಿಗೆ ಕಾಲು ನೆಲ ಬಿಡಬೇಕು. ಕಬಡ್ಡಿ, ಖೋ ಖೋ, ಫುಟ್‌ಬಾಲ್, ಹಾಕಿ, ಹೀಗೆ ಎದುರಾಳಿ ಇರುವ ಎಲ್ಲ ಗುಂಪು ಆಟಗಳ ಚುರುಕುತನದ ತಿರುಳು ಇಷ್ಟೇ. ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವ ಹೊತ್ತಿನಲ್ಲಿ ಇದನ್ನು ಏಕೆ ಆಡಬೇಕು, ಹೇಗೆ ಆಡಬೇಕು ಎಂಬುದು ಈ ಅಧ್ಯಾಯದ ವಿಷಯ.

ಮೊದಲು ಬಿಸಿಯ ಮಾತು. ‘ವಾರ್ಮ್ ಅಪ್’ ಎಂಬ ಹೆಸರಿನಲ್ಲೇ ಅದಿದೆ. ಸ್ನಾಯು ಕೆಲಸ ಮಾಡುವಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಲನೆಯಾಗುತ್ತದೆ, ಉಳಿದದ್ದೆಲ್ಲ ಶಾಖ. ಕಪ್ಪೆಯ ಸ್ನಾಯುವಿನಲ್ಲಿ ಹುಟ್ಟುವ ಈ ಶಾಖವನ್ನು ಅಳೆದದ್ದಕ್ಕಾಗಿಯೇ ಇಂಗ್ಲೆಂಡಿನ ಆರ್ಚಿಬಾಲ್ಡ್ ಹಿಲ್‌ಗೆ 1922ನೇ ಸಾಲಿನ ನೊಬೆಲ್ ಸಂದಿತು. ಎಂಜಿನಿಯರನ ಕಣ್ಣಿಗೆ ಇದು ನಷ್ಟ. ಆಟಗಾರನಿಗೆ ಇದೇ ಲಾಭ. ಸುಮ್ಮನೆ ಕುಳಿತಿರುವಾಗ ತೊಡೆಯ ಸ್ನಾಯುವಿನ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಓಡಲು ಶುರು ಮಾಡಿದ ಮೊದಲ 3ರಿಂದ 5 ನಿಮಿಷ ಅದು ಸರಸರನೆ ಏರುತ್ತದೆ. ಆಮೇಲೆ ನಿಧಾನವಾಗಿ, 10ರಿಂದ 20 ನಿಮಿಷದೊಳಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. 1979ರಲ್ಲಿ ಸ್ವೀಡನ್ನಿನ ಬರ್ಗ್ ಮತ್ತು ಎಕ್‌ಬ್ಲೋಮ್ ಎಂಬ ಇಬ್ಬರು ವಿಜ್ಞಾನಿಗಳು ತೊಡೆಯ ಸ್ನಾಯುವನ್ನು ಬೇರೆಬೇರೆ ಉಷ್ಣತೆಗೆ ತಂದು ಜನರನ್ನು ನೆಗೆಸಿದರು, ಸೈಕಲ್ ತುಳಿಸಿದರು. ಒಂದೊಂದು ಡಿಗ್ರಿಗೂ ಶೇಕಡ 4ರಿಂದ 6ರಷ್ಟು ಕಸುವು ಹೆಚ್ಚುತ್ತಿತ್ತು, ತಣಿದರೆ ಅಷ್ಟೇ ಇಳಿಯುತ್ತಿತ್ತು. ಸ್ನಾಯುವಿನೊಳಗಿನ ರಾಸಾಯನಿಕ ಕ್ರಿಯೆಗಳು ಬಿಸಿಯಲ್ಲಿ ಬೇಗ ನಡೆಯುತ್ತವೆ. ರಕ್ತ ತಾನು ಹೊತ್ತು ತಂದ ಆಮ್ಲಜನಕವನ್ನು ಬಿಸಿ ಸ್ನಾಯುವಿಗೆ ಸಲೀಸಾಗಿ ಬಿಟ್ಟುಕೊಡುತ್ತದೆ. ತಣ್ಣಗಿದ್ದಾಗ ಎಳೆಗಳ ನಡುವೆ ಇರುವ ಅಂಟುತನ, ಆರಿದ ಬೆಲ್ಲದ ಪಾಕ ಮತ್ತೆ ಒಲೆ ಕಂಡಂತೆ, ಸಡಿಲವಾಗುತ್ತದೆ.

ಇಷ್ಟಕ್ಕಾದರೆ ಮೈದಾನದ ಸುತ್ತ ಎರಡು ರೌಂಡ್ ಓಡಿಸಿದರೆ ಸಾಕಲ್ಲ? ನಮ್ಮಲ್ಲಿ ಹೆಚ್ಚಾಗಿ ಆಗುವುದೂ ಅದೇ. ಎರಡು ರೌಂಡ್ ಓಟ, ಆಮೇಲೆ ವೃತ್ತಾಕಾರವಾಗಿ ನಿಂತು ಸೊಂಟಕ್ಕೆ ಕೈ, ಕಾಲ್ಬೆರಳು ಮುಟ್ಟಿ ಎಣಿಸುತ್ತಾ ಹಾಗೇ ಹಿಡಿದುಕೊಳ್ಳುವುದು. ಈ ನಿಂತಲ್ಲೇ ಎಳೆದು ಹಿಡಿಯುವ ಭಾಗದ ಬಗ್ಗೆ ಕಳೆದ ಎರಡು ಮೂರು ದಶಕಗಳಲ್ಲಿ ಸಾಕಷ್ಟು ಪರೀಕ್ಷೆಗಳಾಗಿವೆ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ, ಅದಾದ ಕೂಡಲೇ ಅದರ ಬಲ ಮತ್ತು ನೆಗೆತ ಸ್ವಲ್ಪ ಕುಗ್ಗುತ್ತವೆ. ಕೆಲವೇ ಸೆಕೆಂಡು ಹಿಡಿದರೆ ದೊಡ್ಡ ಹಾನಿಯೇನಿಲ್ಲ. ನನ್ನ ತಕರಾರು ಬೇರೆ: ನಿಂತು ಎಳೆಯುತ್ತಿರುವಾಗ, ಓಡಿ ಗಳಿಸಿದ ಬಿಸಿ ಸೋರಿಹೋಗುತ್ತಿರುತ್ತದೆ. ಆ ಹೊತ್ತಿನಲ್ಲಿ ತಲೆಗಂತೂ ಯಾವ ಕೆಲಸವೂ ಇರುವುದಿಲ್ಲ.

ತಲೆಗೆ ಏಕೆ ಕೆಲಸ ಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. ಕಾಲಿನ ನರಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಹೋಗುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಈ ವೇಗಕ್ಕೆ ಹತ್ತಿರ ಹತ್ತಿರ 2 ಮೀಟರ್ ಸೇರಿಕೊಳ್ಳುತ್ತದೆ. ಬೆನ್ನುಹುರಿಯಿಂದ ಮೀನಖಂಡದವರೆಗಿನ ದಾರಿ ಒಂದು ಮೀಟರ್ ಎಂದುಕೊಂಡರೆ, ತಣ್ಣಗಿರುವಾಗ 20 ಮಿಲಿಸೆಕೆಂಡ್, ಎರಡು ಡಿಗ್ರಿ ಬಿಸಿಯಾದಾಗ 18.5 ಮಿಲಿಸೆಕೆಂಡ್. ಉಳಿತಾಯ ಒಂದೂವರೆ ಮಿಲಿಸೆಕೆಂಡ್. ಒಂದು ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಕಣ್ಣಿಗೆ ಕಂಡ ಒಂದು ಸರಳ ಸನ್ನೆಗೆ ಕೈಯೋ ಕಾಲೋ ಉತ್ತರಿಸಲು ಸುಮಾರು 200 ಮಿಲಿಸೆಕೆಂಡ್ ಬೇಕು. ‘ಎಡವೋ ಬಲವೋ’ ಎಂದು ಆಯಬೇಕಾಗಿ ಬಂದರೆ ಇನ್ನೂ ಹೆಚ್ಚು. ನರದ ದಾರಿಯಲ್ಲಿ ಉಳಿಯುವುದು ಪುಡಿಗಾಸು. ದೊಡ್ಡ ಖರ್ಚು ಇರುವುದು ತೀರ್ಮಾನದಲ್ಲಿ.

ಈ ತೀರ್ಮಾನದ ಖರ್ಚನ್ನು ಮೊದಲು ಅಳೆದವರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನ ವೈದ್ಯ ಫ್ರಾನ್ಸಿಸ್ಕಸ್ ಡಾಂಡರ್ಸ್ ಒಬ್ಬರು. 1868ರಲ್ಲಿ ಪ್ರಕಟವಾದ ಅವರ ಪ್ರಯೋಗವನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಾಗುಣಿತ ಮತ್ತು ರಾಮ–ರಾವಣರ ಆಟ. ಒಬ್ಬರು ಒಂದು ಅಕ್ಷರ ಹೇಳುತ್ತಾರೆ, ಇನ್ನೊಬ್ಬರು ಅದನ್ನು ಕೇಳಿದ ಕೂಡಲೇ ತಿರುಗಿ ಹೇಳಬೇಕು; ಎರಡೂ ದನಿಗಳನ್ನು ಯಂತ್ರವೊಂದು ಗೆರೆಯಾಗಿ ಬರೆದುಕೊಳ್ಳುತ್ತದೆ. ಮೊದಲ ಬಗೆಯಲ್ಲಿ ಬರುವುದು ‘ಕಿ’ ಎಂದು ಮುಂಚೆಯೇ ಗೊತ್ತು. ಎರಡನೆಯದರಲ್ಲಿ ಕ, ಕೆ, ಕಿ, ಕೊ, ಕು ಯಾವುದೂ ಬರಬಹುದು, ಬಂದದ್ದನ್ನೇ ಹೇಳಬೇಕು. ಮೂರನೆಯದರಲ್ಲೂ ಯಾವುದೂ ಬರಬಹುದು, ಆದರೆ ‘ಕಿ’ಗೆ ಮಾತ್ರ ಉತ್ತರ ಕೊಡಬೇಕು, ಉಳಿದವುಗಳಿಗೆ ಬಾಯಿ ಮುಚ್ಚಿಕೊಂಡಿರಬೇಕು. ಮೊದಲನೆಯದು ಎಲ್ಲಕ್ಕಿಂತ ಬೇಗ, ಎರಡನೆಯದು ಎಲ್ಲಕ್ಕಿಂತ ತಡ, ಮೂರನೆಯದು ನಡುವೆ. ಈ ಅಂತರಗಳನ್ನು ಕಳೆದು, ‘ಗುರುತಿಸಲು ಇಷ್ಟು ಹೊತ್ತು, ಆಯ್ಕೆ ಮಾಡಲು ಇಷ್ಟು ಹೊತ್ತು’ ಎಂದು ಅವರು ಲೆಕ್ಕ ಕೊಟ್ಟರು. ಮನಸ್ಸಿನ ಕೆಲಸಕ್ಕೂ ಗಡಿಯಾರ ಹಿಡಿಯಬಹುದು ಎಂದು ತೋರಿಸಿದ ಪ್ರಯೋಗ ಅದು. ಮೇಷ್ಟ್ರ ‘ರಾಮ’, ‘ರಾವಣ’ ಎರಡನೆಯ ಬಗೆ. ‘ರಾಗಿ’ ಸೇರಿಸಿದೊಡನೆ ಮೂರನೆಯದೂ ಬಂದು ಕೂಡಿಕೊಳ್ಳುತ್ತದೆ. ಗೆರೆಯ ಆಚೆ ನಿಂತರೆ ಕೆರೆ, ಈಚೆ ನಿಂತರೆ ದಡ ಎಂದು ನೆಗೆಸುವ ‘ಕೆರೆ–ದಡ’ ಆಟವೂ ಇದೇ ಜಾತಿ. ದಡದಲ್ಲಿ ಇರುವಾಗಲೇ ‘ದಡ’ ಎಂದು ಕೂಗಿದರೆ ನೆಗೆಯಲು ಹೊರಟ ಕಾಲನ್ನು ತಡೆಹಿಡಿಯಬೇಕು. ಹೊರಟ ಕಾಲನ್ನು ತಡೆಯುವುದು ಹೊರಡಿಸುವುದಕ್ಕಿಂತ ಕಷ್ಟ, ಆಡಿದವರಿಗೆಲ್ಲ ಗೊತ್ತು.

ಚುರುಕುತನ ಎಂದರೆ ಏನು ಎಂಬ ಪ್ರಶ್ನೆಗೆ ಕ್ರೀಡಾವಿಜ್ಞಾನ ಬಹಳ ಕಾಲ ಕಾಲಿನ ಉತ್ತರವನ್ನಷ್ಟೇ ಕೊಡುತ್ತಿತ್ತು. ನೆಲದ ಮೇಲೆ ಕೋನ್‌ಗಳನ್ನು ಇಡುವುದು, ಅವುಗಳ ನಡುವೆ ಹಾವಿನಂತೆ ಓಡಿಸುವುದು, ಸ್ಟಾಪ್‌ವಾಚ್ ಒತ್ತುವುದು. ಇಂದಿಗೂ ಆಯ್ಕೆ ಶಿಬಿರಗಳಲ್ಲಿ ಇದೇ ನಡೆಯುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಜೆರೆಮಿ ಶೆಪರ್ಡ್ ಮತ್ತು ವಾರೆನ್ ಯಂಗ್ ಹೊಸ ವ್ಯಾಖ್ಯೆಯೊಂದನ್ನು ಮುಂದಿಟ್ಟರು: ಹೊರಗಿನ ಒಂದು ಸೂಚನೆಗೆ ಉತ್ತರವಾಗಿ ಇಡೀ ಮೈ ತನ್ನ ವೇಗವನ್ನೋ ದಿಕ್ಕನ್ನೋ ಥಟ್ಟನೆ ಬದಲಿಸಿದರೆ ಅದು ಚುರುಕುತನ. ಸೂಚನೆ ಇಲ್ಲದಿದ್ದರೆ ಅದು ಬರೀ ತಿರುಗುವ ವೇಗ. ಅದೇ ವರ್ಷ ಅವರು ಮತ್ತು ಸಂಗಡಿಗರು ಆಸ್ಟ್ರೇಲಿಯನ್ ಫುಟ್‌ಬಾಲಿನ ಎರಡು ದರ್ಜೆಯ ಆಟಗಾರರನ್ನು ಕರೆತಂದು ಹೋಲಿಸಿ ನೋಡಿದರು. ನೇರ ಓಟ, ಮುಂಚೆಯೇ ಹೇಳಿಕೊಟ್ಟ ದಿಕ್ಕಿಗೆ ತಿರುಗುವ ಓಟ, ಮತ್ತು ಮೂರನೆಯದಾಗಿ, ಎದುರಿಗೆ ನಿಂತ ಮನುಷ್ಯ ಎಡಕ್ಕೋ ಬಲಕ್ಕೋ ಹೆಜ್ಜೆ ಹಾಕುವುದನ್ನು ನೋಡಿ ಅದಕ್ಕೆ ತಕ್ಕಂತೆ ತಿರುಗುವ ಓಟ. ಮೊದಲೆರಡರಲ್ಲಿ ಮೇಲಿನ ದರ್ಜೆಯವರಿಗೂ ಕೆಳಗಿನವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೂರನೆಯದರಲ್ಲಿ ಕಂಡಿತು. ಒಳ್ಳೆಯ ಆಟಗಾರನ ಕಾಲು ಬೇರೆಯವರ ಕಾಲಿನಂಥದೇ. ಅದಕ್ಕೆ ಅಪ್ಪಣೆ ಬೇಗ ಸಿಗುತ್ತದೆ.

ಇನ್ನೊಂದು ಪರೀಕ್ಷೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಯಂಗ್ ಮತ್ತು ರೋಜರ್ಸ್ 18 ವರ್ಷದೊಳಗಿನ ಫುಟ್‌ಬಾಲ್ ಹುಡುಗರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೋನ್‌ಗಳ ನಡುವೆ ದಿಕ್ಕು ಬದಲಿಸುವ ಅಭ್ಯಾಸ. ಇನ್ನೊಂದಕ್ಕೆ ಇಕ್ಕಟ್ಟಾದ ಜಾಗದಲ್ಲಿ, ಕಡಿಮೆ ಜನರೊಂದಿಗೆ ತಪ್ಪಿಸಿಕೊಂಡು ಅಟ್ಟಿಸಿಕೊಂಡು ಆಡುವ ಆಟ. ಏಳು ವಾರದಲ್ಲಿ 11 ಸಲ, ಪ್ರತಿ ಸಲ 15 ನಿಮಿಷ. ಕೋನ್ ಗುಂಪಿನವರ ಚುರುಕುತನ ಇದ್ದಲ್ಲೇ ಇತ್ತು. ಆಟ ಆಡಿದವರದು ಗಣನೀಯವಾಗಿ ಸುಧಾರಿಸಿತ್ತು, ಮತ್ತು ಆ ಸುಧಾರಣೆ ಪೂರ್ತಿ ತೀರ್ಮಾನ ಮಾಡುವ ಹೊತ್ತು ತಗ್ಗಿದ್ದರಿಂದಲೇ ಬಂದದ್ದು. ಹದಿನೈದು ನಿಮಿಷ ಎಂದರೆ ಯಾವ ಊರಿನ ತಂಡವಾದರೂ ಹೇಗೂ ವಾರ್ಮ್ ಅಪ್‌ಗೆ ತೆಗೆದಿಡುವ ಸಮಯ. ಗುಂಪು ಚಿಕ್ಕದು, ಒಂದು ಅಧ್ಯಯನ ಎಲ್ಲವನ್ನೂ ಸಾಧಿಸಿ ತೋರಿಸುವುದಿಲ್ಲ. ಆದರೂ ಕೋನ್ ಕೊಳ್ಳಲು ಹಣವಿಲ್ಲವೆಂದು ಕೊರಗುವ ಶಾಲೆಗಳಿಗೆ ಈ ಮಾತು ತಲುಪಲಿ ಎಂದು ನನಗೆ ಬಹಳ ಆಸೆ. ಕೋನು ಸುಳ್ಳು ಹೆಜ್ಜೆ ಹಾಕುವುದಿಲ್ಲ, ಗೆಳೆಯ ಹಾಕುತ್ತಾನೆ.

ಸುಳ್ಳು ಹೆಜ್ಜೆಯನ್ನು ಹಿಡಿಯುವುದು ಹೇಗೆ? ರಗ್ಬಿಯಲ್ಲಿ ಚೆಂಡು ಹಿಡಿದು ನುಗ್ಗುವವನು ಬಲಕ್ಕೆ ಹೋಗುವಂತೆ ತಲೆ, ಭುಜ, ಹೊರಗಾಲು ಎಲ್ಲವನ್ನೂ ಬಲಕ್ಕೆ ಚಾಚಿ, ಎಡಕ್ಕೆ ಹಾರುತ್ತಾನೆ. ಕಬಡ್ಡಿಯ ರೈಡರ್ ಮಾಡುವುದೂ ಅದನ್ನೇ. 2012ರಲ್ಲಿ ಫ್ರಾನ್ಸ್ ಮತ್ತು ಉತ್ತರ ಐರ್ಲೆಂಡಿನ ಸಂಶೋಧಕರು ಇಂಥ ಹೆಜ್ಜೆಗಳನ್ನು ದಾಖಲಿಸಿ, ಕಂಪ್ಯೂಟರ್ ಸೃಷ್ಟಿಸಿದ ಎದುರಾಳಿಯ ರೂಪದಲ್ಲಿ ಪಳಗಿದವರಿಗೂ ಹೊಸಬರಿಗೂ ತೋರಿಸಿದರು. ಮೈಯ ಕೆಲವು ಭಾಗಗಳು ಸುಳ್ಳು ಹೇಳಬಲ್ಲವು. ಒಂದು ಮಾತ್ರ ಹೇಳಲಾರದು: ಹೊಕ್ಕುಳಿನ ಆಸುಪಾಸಿನಲ್ಲಿ, ಸೊಂಟದ ಮಟ್ಟದಲ್ಲಿ ಇರುವ ದೇಹದ ಗುರುತ್ವಕೇಂದ್ರ. ಇಡೀ ಮೈಯ ತೂಕ ಎತ್ತ ಸಾಗುತ್ತಿದೆಯೋ ಅದು ಅತ್ತಲೇ ಇರಬೇಕು. ಅದನ್ನು ಬೇಕೆಂದಂತೆ ಅತ್ತಿತ್ತ ಆಡಿಸಲು ಭೌತವಿಜ್ಞಾನ ಬಿಡುವುದಿಲ್ಲ. ಹೊಸಬರು ಚಾಚಿದ ಕಾಲನ್ನೂ ಭುಜವನ್ನೂ ನಂಬಿ ಮೋಸಹೋದರು. ಪಳಗಿದವರು ಗುರುತ್ವಕೇಂದ್ರದ ಸಾಗುವಿಕೆಯನ್ನು ಓದಿದರು. ಇನ್ನೂ ಒಂದು ಸಂಗತಿ ಇತ್ತು. ಪಳಗಿದವರು ಹೊಸಬರಿಗಿಂತ ತಡವಾಗಿ ಹೊರಟರು. ತಡವಾಗಿ ಹೊರಟು, ಸರಿಯಾದ ಕಡೆಗೆ ಹೊರಟರು. ಎರಡನೇ ಅಕ್ಷರ ಕೇಳಿಸಿದ ಮೇಲೆ.

ಇಲ್ಲಿ ನನಗೆ ತುಂಬ ಪ್ರಿಯವಾದ ಆಟವೊಂದನ್ನು ಹೇಳಬೇಕು. ಪ್ರತಿಯೊಬ್ಬರೂ ಒಂದು ಕರ್ಚೀಫನ್ನೋ ಹಳೆ ಬಟ್ಟೆಯ ಚೂರನ್ನೋ ಬೆನ್ನ ಹಿಂದೆ ಸೊಂಟಕ್ಕೆ ಬಾಲದಂತೆ ಸಿಕ್ಕಿಸಿಕೊಳ್ಳುವುದು. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಚೌಕದಲ್ಲಿ ಎಂಟು ಹತ್ತು ಜನ. ಇನ್ನೊಬ್ಬರ ಬಾಲ ಕೀಳಬೇಕು, ತನ್ನ ಬಾಲ ಉಳಿಸಿಕೊಳ್ಳಬೇಕು, ಬಾಲವನ್ನು ಕೈಯಲ್ಲಿ ಹಿಡಿದುಕೊಳ್ಳುವಂತಿಲ್ಲ. ಯಾರೂ ಹೇಳಿಕೊಡದೆಯೇ ಮಕ್ಕಳ ಕಣ್ಣು ಎದುರಾಳಿಯ ಮುಖದಿಂದ ಇಳಿದು ಸೊಂಟಕ್ಕೆ ಬರುತ್ತದೆ. ಬೇಕಾದ ವಸ್ತು ಇರುವುದೇ ಅಲ್ಲಿ. ಸುಳ್ಳು ಹೇಳಲಾರದ ಜಾಗವೂ ಅದೇ. ಸೊಂಟ ತಗ್ಗಿಸಿ, ಮೊಣಕಾಲು ಬಾಗಿಸಿ, ಪಾದದ ಮುಂಭಾಗದ ಮೇಲೆ ನಿಲ್ಲುವ ಭಂಗಿಯೂ ತಾನಾಗಿ ಬರುತ್ತದೆ, ಏಕೆಂದರೆ ನೆಟ್ಟಗೆ ನಿಂತವರ ಬಾಲ ಮೊದಲು ಹೋಗುತ್ತದೆ. ಕೋಚ್ ಬಾಯಿಮಾತಿನಲ್ಲಿ ನೂರು ಸಲ ಹೇಳಿದರೂ ಇಳಿಯದ್ದನ್ನು ಒಂದು ಬಟ್ಟೆಯ ಚೂರು ಇಳಿಸುತ್ತದೆ.

ರಾಮ–ರಾವಣಕ್ಕೂ ಈ ಬಾಲದಾಟಕ್ಕೂ ಒಂದು ಮುಖ್ಯ ಭೇದ ಇದೆ. ಮೊದಲನೆಯದು ಕಿವಿಯ ಆಟ, ಎರಡನೆಯದು ಕಣ್ಣಿನದು. ದನಿಗೆ ನಾವು ಬೆಳಕಿಗಿಂತ ಸ್ವಲ್ಪ ಬೇಗ ಉತ್ತರಿಸುತ್ತೇವೆ. ಆದರೆ ಪಂದ್ಯದಲ್ಲಿ ಯಾರೂ ‘ಎಡ’, ‘ಬಲ’ ಎಂದು ಕೂಗಿ ನುಗ್ಗುವುದಿಲ್ಲ, ಎದುರಾಳಿಯ ಮೈಯನ್ನೇ ಓದಬೇಕು. ಹಾಗಾಗಿ ಸೀಟಿ, ಚಪ್ಪಾಳೆ, ಕೂಗಿಗೆ ಓಡುವ ಆಟಗಳು ಮೆಟ್ಟಿಲು ಮಾತ್ರ. ಅಲ್ಲಿಂದ ಮೇಲೇರಿ ಜೂಟಾಟಕ್ಕೆ, ಬಾಲದಾಟಕ್ಕೆ, ಸರಪಳಿ ಹಿಡಿದು ಅಟ್ಟುವ ಆಟಕ್ಕೆ ಹೋಗಬೇಕು. ಬಣ್ಣದ ದೀಪ ಮಿನುಗಿಸಿ ಓಡಿಸುವ ದುಬಾರಿ ಯಂತ್ರಗಳು ಈಗ ದೊಡ್ಡ ಅಕಾಡೆಮಿಗಳಿಗೆ ಬಂದಿವೆ. ದೀಪಕ್ಕೆ ಸೊಂಟವಿಲ್ಲ. ಅದನ್ನು ನೋಡಿ ಕಲಿತ ಕಣ್ಣು ಕಬಡ್ಡಿ ಅಂಕಣದಲ್ಲಿ ಏನನ್ನು ಓದಬೇಕು ಎಂಬುದನ್ನು ಕಲಿಯುವುದಿಲ್ಲ.

ಓದುವುದಷ್ಟೇ ಅಲ್ಲ, ನಿಲ್ಲುವುದೂ ಇದೆ. ಓಡುವ ಮೈ ದಿಕ್ಕು ಬದಲಿಸಬೇಕಾದರೆ ಮೊದಲು ಬ್ರೇಕ್ ಹಾಕಬೇಕು. ಕಾಲನ್ನು ಗುರುತ್ವಕೇಂದ್ರದಿಂದ ದೂರ, ಹೊರಗೆ ಊರಿ ನೆಲವನ್ನು ಪಕ್ಕಕ್ಕೆ ಒದೆಯಬೇಕು. ಆ ಕ್ಷಣ ತೊಡೆಯ ಸ್ನಾಯುಗಳು ಉದ್ದವಾಗುತ್ತಲೇ ಬಿಗಿಯುತ್ತವೆ, ಮೊಣಕಾಲಿನ ಮೇಲೆ ತಿರುಚುವ ಹೊರೆ ಬೀಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಥಾರ್ ಬೀಸಿಯರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಯಾವ ಕಡೆ ತಿರುಗಬೇಕೆಂದು ಮುಂಚೆಯೇ ಗೊತ್ತಿದ್ದಾಗಿನದಕ್ಕಿಂತ ಕೊನೆ ಗಳಿಗೆಯಲ್ಲಿ ಗೊತ್ತಾದಾಗ, ಮೊಣಕಾಲನ್ನು ಪಕ್ಕಕ್ಕೆ ಬಾಗಿಸುವ, ತಿರುಚುವ ಹೊರೆ ಎರಡು ಪಟ್ಟಿನವರೆಗೂ ಏರಬಲ್ಲದು. ಮೊಣಕಾಲಿನ ಒಳಗಿನ ಅಡ್ಡ ಅಸ್ಥಿರಜ್ಜು, ಆಟಗಾರರ ಬಾಯಲ್ಲಿ ‘ಎಸಿಎಲ್’, ಹರಿಯುವುದು ಇಂಥ ಹೊತ್ತಿನಲ್ಲೇ. ಮಹಿಳೆಯರ ಹ್ಯಾಂಡ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಅದು ಹರಿದ 10 ಸಂದರ್ಭಗಳ ವಿಡಿಯೊಗಳನ್ನು ಕೂಲಂಕಷವಾಗಿ ನೋಡಿದ 2010ರ ಅಧ್ಯಯನವೊಂದು, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನಲ್ಲಿ ಅವಘಡ ಮುಗಿದುಹೋಗಿರುತ್ತದೆ ಎಂದು ತೋರಿಸಿತು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಣ್ಣಿನ ಸುದ್ದಿಗೆ ಉತ್ತರ ಕೊಡಲು 200 ಮಿಲಿಸೆಕೆಂಡ್. ರಜ್ಜು ಹರಿಯಲು 40. ‘ಅಯ್ಯೋ ಕಾಲು ತಪ್ಪಿತು’ ಎಂದು ಮೆದುಳಿಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತದೆ. ಮೊಣಕಾಲನ್ನು ಕಾಯುವುದು ಪ್ರತಿಕ್ರಿಯೆಯಲ್ಲ, ಪಾದ ನೆಲ ಮುಟ್ಟುವ ಮುಂಚೆಯೇ ಸ್ನಾಯುಗಳು ಬಿಗಿದು ಸಿದ್ಧವಾಗಿರುವ ಅಭ್ಯಾಸ. ಅದು ಅನಿರೀಕ್ಷಿತ ತಿರುವುಗಳನ್ನು, ಕಡಿಮೆ ವೇಗದಲ್ಲಿ, ಬಹಳ ಸಲ ಆಡಿ ಆಡಿ ಬರಬೇಕು. ವಾರ್ಮ್ ಅಪ್ ಆಟಗಳ ಮಹತ್ವ ನನಗೆ ನಿಜವಾಗಿ ಮನದಟ್ಟಾದದ್ದು ಈ ಲೆಕ್ಕ ನೋಡಿದ ಮೇಲೆ. ಅದಕ್ಕೆ ಮುಂಚೆ ಅವುಗಳನ್ನು ನಾನೂ ಮಕ್ಕಳ ಖುಷಿಗೆ ಎಂದೇ ಎಣಿಸಿದ್ದೆ.

ತಯಾರಿ ಗಾಯವನ್ನು ತಡೆಯುತ್ತದೆ ಎನ್ನಲು ಇರುವ ದೊಡ್ಡ ಸಾಕ್ಷ್ಯಗಳಲ್ಲಿ ಒಂದು ನಾರ್ವೆಯದು. ಅಲ್ಲಿ 125 ಫುಟ್‌ಬಾಲ್ ಕ್ಲಬ್‌ಗಳು, 13ರಿಂದ 17 ವರ್ಷದ 1892 ಹುಡುಗಿಯರು ಭಾಗವಹಿಸಿದ ಪರೀಕ್ಷೆಯ ಫಲಿತಾಂಶ 2008ರಲ್ಲಿ ಹೊರಬಂತು. ಅರ್ಧದಷ್ಟು ಕ್ಲಬ್‌ಗಳಿಗೆ 20 ನಿಮಿಷದ ವಾರ್ಮ್ ಅಪ್ ಕಲಿಸಲಾಗಿತ್ತು. ಇದೇ ಮುಂದೆ ‘ಫಿಫಾ 11+’ ಎಂದು ಜಗತ್ತಿನಾದ್ಯಂತ ಹೋಯಿತು. ಅದರಲ್ಲಿ ಜೊತೆಗಾರರೊಂದಿಗೆ ಸುತ್ತುವ, ಭುಜಕ್ಕೆ ಭುಜ ತಾಗಿಸಿ ನೆಗೆಯುವ ಓಟಗಳಿವೆ, ಒಂಟಿಕಾಲಿನ ಸಮತೋಲ, ತೊಡೆಯ ಬಲ, ಕಾಲೂರಿ ತಿರುಗುವ ಅಭ್ಯಾಸ ಇವೆ. ಅಧ್ಯಯನ ಮುಖ್ಯವಾಗಿ ಹುಡುಕಿದ್ದು ಕಾಲಿನ ಗಾಯಗಳನ್ನು. ಅಲ್ಲಿ ಕಂಡ ಇಳಿಕೆ ಸಂಖ್ಯಾಶಾಸ್ತ್ರದ ಗಡಿ ದಾಟಲಿಲ್ಲ. ಆದರೆ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ, ತೀವ್ರ ಗಾಯಗಳು ಹತ್ತಿರ ಹತ್ತಿರ ಅರ್ಧ ಕಡಿಮೆಯಾಗಿದ್ದವು. ಅದು ಆಟವಲ್ಲ, ವ್ಯಾಯಾಮ ಎಂಬುದು ನಿಜ. ಅಟ್ಟಿಸಿಕೊಂಡು ಓಡುವ ಆಟಗಳು ಅದರ ಜಾಗ ತುಂಬುತ್ತವೆ ಎಂದು ನಾನು ಹೇಳುವುದಿಲ್ಲ. ತೊಡೆಯ ಬಲ, ಒಂಟಿಕಾಲಿನ ನಿಲುವು ಇವನ್ನು ಆಟ ಒಂದರಿಂದಲೇ ಕಟ್ಟಲಾಗದು. ಐದು ನಿಮಿಷ ಅವಕ್ಕೂ ಕೊಡಬೇಕು.

ಹಾಗಾದರೆ ಆಟವನ್ನು ಹೇಗೆ ಆಡಿಸಬೇಕು? ತಣ್ಣಗಿರುವ ಮಕ್ಕಳನ್ನು ಮೈದಾನಕ್ಕೆ ಬಿಟ್ಟು ‘ಜೂಟಾಟ ಆಡಿ’ ಎಂದರೆ ಮೊದಲ ನಿಮಿಷದಲ್ಲೇ ಪೂರ್ತಿ ವೇಗದಲ್ಲಿ ಓಡಿ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತಾರೆ. ಆಟದ ಅಪಾಯ ಇದು: ಅದರಲ್ಲಿ ಮೈಮರೆಯುತ್ತೇವೆ. ಆದ್ದರಿಂದ ವೇಗಕ್ಕೆ ನಿಯಮವೇ ಕಡಿವಾಣ ಹಾಕಬೇಕು. ಮೊದಲ ಎರಡು ನಿಮಿಷ ಬರೀ ನಡೆಯುವ ಜೂಟಾಟ, ಓಡಿದವರು ಔಟ್. ಆಮೇಲೆ ಪಕ್ಕಕ್ಕೆ ಜಾರುತ್ತ ಸಾಗುವುದು, ಹಿಮ್ಮುಖ ನಡೆ, ಬೇಕಾದರೆ ಸ್ವಲ್ಪ ಕುಂಟಾಟ. ಬೆವರು ಮೂಡಿದ ಮೇಲೆ ಓಟ. ಜಾಗದ ಅಳತೆಯೂ ಒಂದು ಹಗ್ಗ: ಚೌಕ ಚಿಕ್ಕದಾದರೆ ತಿರುವು ಹೆಚ್ಚು, ವೇಗ ಕಡಿಮೆ, ದೊಡ್ಡದಾದರೆ ತಿರುವು ಕಡಿಮೆ, ವೇಗ ಹೆಚ್ಚು. ಚಿಕ್ಕದರಿಂದ ಶುರು ಮಾಡಿ ಹಿಗ್ಗಿಸುತ್ತ ಹೋಗುವುದು ಸರಿ. ಎರಡು ತಲೆಗಳು ಢಿಕ್ಕಿ ಹೊಡೆಯುವುದು ಚಿಕ್ಕ ಚೌಕದ ಅಪಾಯ. ಒಬ್ಬರ ಬದಲು ಇಬ್ಬರು ಹಿಡಿಯುವವರಾದರೆ ಎಲ್ಲರೂ ತಲೆ ಎತ್ತಿ ಸುತ್ತ ನೋಡಲೇಬೇಕಾಗುತ್ತದೆ.

ಔಟಾದವರನ್ನು ಹೊರಗೆ ಕೂರಿಸುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಯಾರು ಮೊದಲು ಔಟಾಗುತ್ತಾರೆ? ನಿಧಾನದವರು, ದಪ್ಪ ಇರುವವರು, ಹೊಸದಾಗಿ ಸೇರಿದವರು. ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದ ಮಗುವೇ ಬೇಲಿಯ ಪಕ್ಕ ಕುಳಿತು ತಣ್ಣಗಾಗುತ್ತದೆ. ಯಾರಿಗೆ ಅಗತ್ಯವಿಲ್ಲವೋ ಅವರು ಕೊನೆಯವರೆಗೆ ಆಡುತ್ತಾರೆ. ರಾಮ–ರಾವಣದಲ್ಲಿ ಸಿಕ್ಕಿಬಿದ್ದವರು ಎದುರು ಸಾಲಿಗೆ ಸೇರಿಕೊಳ್ಳಲಿ. ಬಾಲ ಹೋದವರು ಐದು ಸಲ ನೆಗೆದು ಹೊಸ ಬಾಲ ಸಿಕ್ಕಿಸಿಕೊಂಡು ಬರಲಿ. ನಮ್ಮ ಹಳೆಯ ಆಟಗಳ ಬಗ್ಗೆ ನನಗೆ ಪ್ರೀತಿ ಇದೆ, ಆದರೆ ಅವುಗಳ ಈ ಒಂದು ನಿಯಮವನ್ನು ಮಾತ್ರ ಉಳಿಸಿಕೊಳ್ಳುವಂಥದ್ದು ಎನ್ನಲಾರೆ.

ಆಟವೇ ಇಡಿಯಾಗಿ ಈ ವಿಜ್ಞಾನವಾಗಿರುವುದು ಖೋ ಖೋದಲ್ಲಿ. ನಡುಪಟ್ಟಿಯಲ್ಲಿ ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವರು ಅಟ್ಟುವವರು. ಅಟ್ಟುವವರು ಒಮ್ಮೆ ದಿಕ್ಕು ಹಿಡಿದರೆ ಹಿಂದಕ್ಕೆ ತಿರುಗುವಂತಿಲ್ಲ, ನಡುಪಟ್ಟಿ ದಾಟುವಂತಿಲ್ಲ. ಓಡುವವರಿಗೆ ಎರಡೂ ಸ್ವಾತಂತ್ರ್ಯ ಇದೆ. ಹೀಗಾಗಿ ಓಡುವವರು ಕಾಯುತ್ತಾರೆ. ಎದ್ದವರ ಮೊದಲ ಹೆಜ್ಜೆ ಎತ್ತ ಬೀಳುತ್ತದೆ ಎಂದು ನೋಡುವವರೆಗೆ ಕಾಯುತ್ತಾರೆ, ಆಮೇಲೆ ಜಾರುತ್ತಾರೆ. ಕುಳಿತವರು ಬೆನ್ನ ಹಿಂದಿನಿಂದ ‘ಖೋ’ ಎಂಬ ಒಂದು ದನಿ, ಒಂದು ತಟ್ಟು ಸಿಕ್ಕಿದೊಡನೆ ಏಳಬೇಕು. ದೆಹಲಿಯಲ್ಲಿ 2025ರ ಜನವರಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಚೈತ್ರಾ ಇದ್ದರು. ಬೇರೆ ಆಟದ ಕೋಚ್‌ಗಳು ವಾರ್ಮ್ ಅಪ್‌ಗೆ ಎಂದು ಹೊಸ ಆಟ ಹುಡುಕುವ ಬದಲು, ಐದೈದು ಜನರ ಪುಟ್ಟ ಖೋ ಖೋ ಆಡಿಸಿ ನೋಡಬಹುದು. ಹಾಕಿ, ಫುಟ್‌ಬಾಲ್ ಹುಡುಗರಿಗೆ ಇದು ಹಿಡಿಸುತ್ತದೆ.

ಗಳಿಸಿದ ಬಿಸಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಕೊನೆಯ ಸಂಗತಿ. ನನಗೆ ಅತ್ಯಂತ ಸಂಕಟ ಕೊಡುವ ಸಂಗತಿಯೂ ಹೌದು. ಡೆನ್ಮಾರ್ಕಿನಲ್ಲಿ ಮೋರ್, ಕ್ರುಸ್ಟ್ರುಪ್, ಬಾಂಗ್ಸ್‌ಬೋ ಮತ್ತು ಜೊತೆಗಾರರು ಫುಟ್‌ಬಾಲ್ ಆಟಗಾರರ ತೊಡೆಯ ಉಷ್ಣತೆಯನ್ನು ಪಂದ್ಯದ ನಡುವೆಯೇ ಅಳೆದರು. ಅರ್ಧವಿರಾಮದ 15 ನಿಮಿಷ ಕುಳಿತವರ ಸ್ನಾಯು ಸುಮಾರು 2 ಡಿಗ್ರಿ ತಣಿದಿತ್ತು, ಓಟದ ವೇಗ ಶೇಕಡ 2.4ರಷ್ಟು ಕುಸಿದಿತ್ತು. ವಿರಾಮದಲ್ಲೇ ಹದವಾಗಿ ಓಡಾಡಿದವರಿಗೆ ಈ ನಷ್ಟ ಆಗಲಿಲ್ಲ. 2004ರ ಈ ಅಧ್ಯಯನದಲ್ಲಿ ಕೂತದ್ದು ಹದಿನೈದೇ ನಿಮಿಷ. ನಾನು ಹೈಸ್ಕೂಲಿನಲ್ಲಿ ಖೋ ಖೋ ಆಡುತ್ತಿದ್ದಾಗ, ಒಂದು ಕ್ರೀಡಾಕೂಟದಲ್ಲಿ ಬೆಳಿಗ್ಗೆ ಏಳೂವರೆಗೇ ಮೈ ಬಿಸಿ ಮಾಡಿಕೊಂಡು, ಉದ್ಘಾಟನೆಗೆ ಬರಬೇಕಾದವರು ಬರಲಿಲ್ಲವೆಂದು ಹತ್ತು ಗಂಟೆಯವರೆಗೆ ಸಾಲಿನಲ್ಲಿ ಕುಳಿತಿದ್ದೆವು. ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಭಾಷಣ. ಅದಾದ ಕೂಡಲೇ ‘ಹುಡುಗರೇ, ಅಂಕಣಕ್ಕೆ’ ಎಂಬ ಕರೆ. ಮೊದಲ ಮೂರು ನಿಮಿಷದಲ್ಲಿ ಕಂಬದ ಬಳಿ ತಿರುಗಲು ಹೋಗಿ ನಮ್ಮ ತಂಡದ ಒಬ್ಬ ಹುಡುಗ ತೊಡೆ ಹಿಡಿದುಕೊಂಡು ಕುಸಿದ. ಅವನು ಆ ವರ್ಷ ಮತ್ತೆ ಆಡಲಿಲ್ಲ. ಅವನ ಗಾಯಕ್ಕೆ ಇದೊಂದೇ ಕಾರಣ ಎಂದು ಸಾಬೀತು ಮಾಡಲು ನನ್ನಿಂದಾಗದು, ಆದರೆ ಆ ಎರಡೂವರೆ ಗಂಟೆಯನ್ನು ನಾನು ಮರೆತಿಲ್ಲ. ಉದ್ಘಾಟನೆ ಪಂದ್ಯಗಳ ನಂತರ ಇಟ್ಟುಕೊಳ್ಳಬಹುದು. ಅದು ಆಗದಿದ್ದರೆ, ಭಾಷಣ ಮುಗಿದ ಮೇಲೆ ಐದು ನಿಮಿಷವನ್ನಾದರೂ ಮಕ್ಕಳಿಗೆ ಬಿಡಬೇಕು.

ಊರಿನ ಹವೆಗೆ ತಕ್ಕಂತೆ ಈ ಲೆಕ್ಕ ಹಿಗ್ಗುತ್ತದೆ, ಕುಗ್ಗುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿಗೆ ಹದಿನೈದು ನಿಮಿಷದ ಆಟ, ಮೈಮೇಲೆ ಸ್ವೆಟರ್. ಏಪ್ರಿಲ್‌ನಲ್ಲಿ ರಾಯಚೂರಿನ ಮೈದಾನದಲ್ಲಿ 40 ಡಿಗ್ರಿ ಇದ್ದಾಗ ಅಷ್ಟು ಹೊತ್ತು ಓಡಿಸುವುದು ತಪ್ಪು. ಅಲ್ಲಿ ಸ್ನಾಯು ಬೇಗ ಬಿಸಿಯಾಗುತ್ತದೆ, ಮೈಯೊಳಗಿನ ಉಷ್ಣತೆ ಏರಿ ದಣಿವೂ ಬೇಗ ಬರುತ್ತದೆ. ಮರದ ನೆರಳು, ಐದಾರು ನಿಮಿಷ, ಚಿಕ್ಕ ಚೌಕ, ನೀರಿನ ಕೊಡ. ಅಲ್ಲಿ ನಡೆಯುವ ಜೂಟಾಟ ಮತ್ತು ಬಾಲದಾಟವೇ ಸಾಕು, ಏಕೆಂದರೆ ಅಲ್ಲಿ ಬಿಸಿ ಬೇಕಾಗಿಲ್ಲ, ಕಣ್ಣು ಎಚ್ಚರವಾದರೆ ಆಯಿತು.

ಬದಲಿ ಆಟಗಾರರನ್ನು ಮರೆಯಬಾರದು. ಕಬಡ್ಡಿಯಲ್ಲಿ ಏಳು ಜನ ಅಂಕಣದಲ್ಲಿದ್ದಾಗ ಉಳಿದವರು ಗೆರೆಯಾಚೆ ಕೂತು ಕೂಗುತ್ತಿರುತ್ತಾರೆ. ಕರೆ ಬಂದಾಗ ಅವರ ಕಾಲು ತಣ್ಣಗಿರುತ್ತದೆ, ಮೂವತ್ತೇ ಸೆಕೆಂಡಿನ ರೈಡ್ ಅವರನ್ನು ಕಾಯುತ್ತಿರುತ್ತದೆ. ಇತ್ತೀಚೆಗೆ ಒಂದು ಹಳ್ಳಿಯ ಪಂದ್ಯದಲ್ಲಿ, ವಿರಾಮದ ಐದು ನಿಮಿಷ, ಇಬ್ಬರು ಬದಲಿ ಹುಡುಗರು ಪೆಂಡಾಲಿನ ಹಿಂದೆ ಎದುರುಬದುರು ನಿಂತಿದ್ದನ್ನು ನೋಡಿದೆ. ಇಬ್ಬರ ಸೊಂಟದಲ್ಲೂ ಟವೆಲ್ಲಿನ ಚೂರು. ಒಬ್ಬ ಬಲಗಾಲು ಚಾಚಿದ, ಭುಜ ವಾಲಿಸಿದ, ಕಣ್ಣನ್ನೂ ಬಲಕ್ಕೆ ಹೊರಳಿಸಿದ. ಇನ್ನೊಬ್ಬ ಅಲುಗಲಿಲ್ಲ. ಅವನ ಕಣ್ಣು ಟವೆಲ್ಲಿನ ಮೇಲಿತ್ತು.